ಬದುವಿನ ಮೇಲೆ ಉಳಿದ ಜಾಲಿ

ಅಪ್ಪ ಕೊನೆಯ ಸಲ ಲಾಡ್ಜಿನ ಸಭೆಗೆ ಹೋದ ಶನಿವಾರ ನಮ್ಮ ಮನೆಯಲ್ಲಿ ಡಾಂಬರ ಗುಳಿಗೆಯ ವಾಸನೆಯೂ ಹುರಿದ ಶೇಂಗಾದ ವಾಸನೆಯೂ ಬೆರೆತಿದ್ದವು. ತಿಂಗಳಿಗೊಮ್ಮೆ ಮಾತ್ರ ಆ ಎರಡು ವಾಸನೆಗಳು ಕೂಡುತ್ತಿದ್ದವು. ವಿಜಯಪುರದ ಸ್ಟೇಶನ್ ರಸ್ತೆಯ ಹಿಂದಿನ ಓಣಿಯಲ್ಲಿದ್ದ ನಮ್ಮ ಮನೆಯ ಅಡುಗೆಮನೆಯಲ್ಲಿ ಅವ್ವ ಶೇಂಗಾ ಹೋಳಿಗೆ ಬೇಯಿಸುತ್ತಿದ್ದಳು. ಪಡಸಾಲೆಯಲ್ಲಿ ಅಪ್ಪ ತಗಡಿನ ಟ್ರಂಕಿನಿಂದ ಕರಿ ಕೋಟು, ಬಿಳಿ ಕೈಗವಸು, ಕಡೆಗೆ ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಏಪ್ರನ್ನು ತೆಗೆದು ಹಾಸಿಗೆಯ ಮೇಲೆ ಒಂದೊಂದಾಗಿ ಹರವುತ್ತಿದ್ದ. ಕುರಿಮರಿಯ ಚರ್ಮದಿಂದ ಮಾಡಿದ, ಸೊಂಟಕ್ಕೆ ಕಟ್ಟಿಕೊಳ್ಳುವ ಬಿಳಿಯ ಚೌಕ ಅದು. ಮುಟ್ಟಿದರೆ ಮಗುವಿನ ಕೆನ್ನೆಯಷ್ಟು ಮೆತ್ತಗಿತ್ತು. ನಾವು ಮಾಂಸ ತಿನ್ನದ ಮನೆಯವರು. ಮೊದಮೊದಲು ಅವ್ವ ಅದನ್ನು ಸೆರಗಿನಿಂದ ಹಿಡಿದೇ ಎತ್ತಿಡುತ್ತಿದ್ದಳಂತೆ. ಆಮೇಲೆ ಅದನ್ನು ಹೇಗೆ ಮಡಚಬೇಕು ಎಂಬುದು ಅಪ್ಪನಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

"ಈ ಸಲಾನರ ಡಬ್ಬಿ ತಿರುಗಿ ತರ್ರಿ. ಹೋದ ತಿಂಗಳ ಅಲ್ಲೇ ಬಿಟ್ಟ ಬಂದಿದ್ರಿ" ಎಂದಳು ಅವ್ವ.

"ಹೋಳಿಗಿ ಉಳದಿದ್ರ ಡಬ್ಬಿ ನೆನಪಾಗತಿತ್ತು. ಖಾಲಿ ಡಬ್ಬಿ ಯಾರಿಗೆ ನೆನಪಿರತೈತಿ?"

"ನಿಮ್ಮ ಬ್ರದರ್ ಮಂದಿ ಅವರವರ ಮನ್ಯಾಗ ಉಣ್ಣಂಗಿಲ್ಲೇನು?"

"ಉಣ್ತಾರ. ಉಂಡ ಮ್ಯಾಲ ನಿನ್ನ ಹೋಳಿಗಿ ತಿನ್ನಾಕ ಲಾಡ್ಜಿಗಿ ಬರ್ತಾರ."

ಅಪ್ಪ ನಕ್ಕು ಡಬ್ಬಿಯನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋದ. ಆ ಸಲವೂ ಡಬ್ಬಿ ಮರೆತೇ ಬಂದ. ನನಗೆ ಆಗ ಹತ್ತು ವರ್ಷವಿರಬೇಕು. ಏನೂ ಆಗದ ದಿನವೆಂದು ನಾನು ನೆನೆಯುವ ಕೊನೆಯ ದಿನ ಅದು.

ಅಪ್ಪ ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿ ಇಟ್ಟಿದ್ದ. ಟಿಕೋಟಾದ ಒಕ್ಕಲುತನದ ಮನೆಯಿಂದ ಪಟ್ಟಣಕ್ಕೆ ಬಂದವನು. ಅಂಗಡಿಗೆ ಬರುತ್ತಿದ್ದ ಕಣ್ಣಿನ ಡಾಕ್ಟರೊಬ್ಬರು ಅವನನ್ನು ಫ್ರೀಮೇಸನ್ನರ ಲಾಡ್ಜಿಗೆ ಸೇರಿಸಿದರು. ಬೇರೆ ಬೇರೆ ಜಾತಿ, ಧರ್ಮ, ಕಸುಬಿನ ಗಂಡಸರು ತಿಂಗಳಿಗೊಮ್ಮೆ ಒಂದು ಹಳೆಯ ಬಂಗಲೆಯಲ್ಲಿ ಕೂಡಿ, ಬಾಗಿಲು ಹಾಕಿಕೊಂಡು ತಮ್ಮ ವಿಧಿಗಳನ್ನು ನಡೆಸಿ, ಆಮೇಲೆ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು. ಒಬ್ಬರನ್ನೊಬ್ಬರು ಬ್ರದರ್ ಎಂದೇ ಕರೆಯುತ್ತಿದ್ದರು. ಒಳಗೆ ನಡೆಯುವುದನ್ನು ಹೊರಗೆ ಹೇಳುವಂತಿರಲಿಲ್ಲ. ಓಣಿಯ ಮಕ್ಕಳು ಅದನ್ನು ದೆವ್ವದ ಬಂಗಲೆ ಎನ್ನುತ್ತಿದ್ದರು. ವರ್ಷಕ್ಕೊಂದು ಸಂಜೆ ಮಾತ್ರ ಮನೆಯವರನ್ನೂ ಕರೆಯುತ್ತಿದ್ದರು. ಹಾಗೆ ಹೋದಾಗ ನಾನು ಕಂಡದ್ದು ಚದುರಂಗದ ಹಾಸಿನಂಥ ಕರಿ-ಬಿಳಿ ನೆಲ, ಎತ್ತರದ ಕುರ್ಚಿಗಳು, ನಡುವೆ ಒಂದು ಮೇಜು. ಮೇಜಿನ ಮೇಲೆ ಗೀತೆ, ಕುರಾನು, ಬೈಬಲ್ಲು ಒಂದಕ್ಕೊಂದು ತಾಗಿಕೊಂಡು ಇದ್ದವು. ದೆವ್ವ ಎಲ್ಲಿಯೂ ಇರಲಿಲ್ಲ. ನೆಲ ಒರೆಸಿದ ಫಿನಾಯಿಲಿನ ವಾಸನೆಯೂ ಪಕ್ಕದ ಕೋಣೆಯಿಂದ ಪಲಾವಿನ ವಾಸನೆಯೂ ಬರುತ್ತಿದ್ದವು.

ಬಾಗಿಲಲ್ಲಿ ಗಫೂರ್ ಚಾಚಾ ನಿಂತಿರುತ್ತಿದ್ದ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತನಾದವನು, ಅಪ್ಪನಿಗೆ ಎಲ್ಲರಿಗಿಂತ ಹತ್ತಿರದವನು. ಸಭೆ ಒಳಗೆ ನಡೆಯುವಷ್ಟು ಹೊತ್ತೂ ಒಬ್ಬ ಬ್ರದರ್ ಕೈಯಲ್ಲಿ ಕತ್ತಿ ಹಿಡಿದು ಬಾಗಿಲ ಹೊರಗೆ ಕಾವಲು ನಿಲ್ಲಬೇಕು. ಆ ಕೆಲಸ ಅವನದು. "ಚಾಚಾ, ಕತ್ತಿ ಮೊಂಡೈತಿ" ಎಂದೆ ನಾನು ಅದನ್ನು ಮುಟ್ಟಿ ನೋಡಿ. "ಹೌದ ಬೇಟಿ, ಕೇಕ್ ಸೈತ ಕೊಯ್ಯಂಗಿಲ್ಲ ಇದು. ಯಾರಿಗೂ ಹೇಳಬ್ಯಾಡ ಮತ್ತ, ಲಾಡ್ಜಿನ ಗುಟ್ಟು" ಎಂದ. ಆ ಗುಟ್ಟನ್ನು ಬಹಳ ದಿನ ನಾನು ಯಾರಿಗೂ ಹೇಳಲಿಲ್ಲ.

ಟಿಕೋಟಾಕ್ಕೆ ಹೋದಾಗ ಮಾತ್ರ ಅಪ್ಪನ ಲಾಡ್ಜು ಎಲ್ಲರ ಬಾಯಿಗೆ ಸಿಗುತ್ತಿತ್ತು. ದ್ರಾಕ್ಷಿ ಹೊಲದ ಕೆಲಸ ಮುಗಿಸಿ ಬಂದ ದೊಡ್ಡಪ್ಪ, ರೊಟ್ಟಿ ಬಡಿಯುತ್ತಿದ್ದ ದೊಡ್ಡವ್ವ, ಪಕ್ಕದ ಮನೆಯವರು, ಎಲ್ಲರಿಗೂ ಅದೇ ಕುತೂಹಲ. "ಬಾಗಲಾ ಹಾಕ್ಕೊಂಡ ಏನ ಮಾಡ್ತೀರಪಾ ಒಳಗ? ಆಡಾ ಕಡಿತೀರೇನು?" ಎಂದು ಒಮ್ಮೆ ದೊಡ್ಡವ್ವ ಕೇಳಿದಳು. "ಆಡಾ ಯಾಕ ವೈನಿ, ಹೊಸದಾಗಿ ಬಂದವನ್ನ ಕಡಿತೀವಿ" ಎಂದ ಅಪ್ಪ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಅದರ ಮುಂದೆ ಯಾರೂ ನಿಜವಾಗಿ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಹೇಳಬಾರದ್ದು ಒಂದಿಷ್ಟಿತ್ತು, ಹೇಳಬಹುದಾದದ್ದು ಬೇಕಾದಷ್ಟಿತ್ತು. ಎರಡಕ್ಕೂ ಅವನು ಒಂದೇ ಹಾಸ್ಯ ಇಟ್ಟುಕೊಂಡಿದ್ದ. ಅವ್ವನಿಗೆ ಮಾತ್ರ ಒಂದು ಸಂಗತಿ ಹೇಳಿದ್ದ. ಏಪ್ರನ್ ಮಡಚಿಡುತ್ತಿದ್ದಾಗ, ತಾನು ಸತ್ತರೆ ಅದನ್ನು ತನ್ನ ಜೊತೆಗೆ ಇಡಬೇಕೆಂದೂ, ಲಾಡ್ಜಿನವರು ಬಂದು ಒಂದೊಂದು ಜಾಲಿ ಎಸಳು ಹಾಕಿ ಹೋಗುತ್ತಾರೆಂದೂ ಹೇಳಿದ. "ಸಂಜಿ ಹೊತ್ತನ್ಯಾಗ ಎಂಥಾ ಮಾತ್ರಿ ಇವು?" ಎಂದು ಅವ್ವ ಟ್ರಂಕಿನ ಮುಚ್ಚಳ ಹಾಕಿದಳು. ಆದರೆ ಹೂಂ ಎಂದಿದ್ದಳು. ನಾನು ಕೇಳಿದ್ದೇನೆ.

ಆ ಶನಿವಾರದ ಮುಂದಿನ ವಾರ, ಅಂಗಡಿಯ ಮುಂದೆ ಲಾರಿಯಿಂದ ಪೈಪು ಇಳಿಸುವಾಗ, ಅಪ್ಪ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತ. ಮತ್ತೆ ಏಳಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಟಿಕೋಟಾದ ಹೊಲದಲ್ಲಿ, ಅಜ್ಜನ ಸಮಾಧಿಯ ಮಗ್ಗುಲಿಗೆ ಕುಣಿ ತೋಡಿದ್ದರು. ಅಪ್ಪನನ್ನು ಕುಳ್ಳಿರಿಸಿ, ಹಣೆಗೆ ವಿಭೂತಿ ಹಚ್ಚಿ, ಬುಟ್ಟಿಗಟ್ಟಲೆ ಬಿಲ್ವಪತ್ರಿ ತಂದಿಟ್ಟಿದ್ದರು. ಅವ್ವ ನನ್ನ ಪಕ್ಕದಲ್ಲಿ ನಿಂತಿದ್ದಳು. ಅವಳ ಸೆರಗಿನ ಒಳಗೆ, ಹೊಟ್ಟೆಗೆ ಒತ್ತಿ ಹಿಡಿದ ಗಂಟೊಂದಿತ್ತು. ಧೋತರದ ತುಂಡಿನ ಅಂಚು ಹೊರಗೆ ಇಣುಕುತ್ತಿತ್ತು. ಡಾಂಬರ ಗುಳಿಗೆಯ ವಾಸನೆಯಿಂದ ಅದೇನೆಂದು ನನಗೆ ತಿಳಿಯಿತು.

ಆಗ ರಸ್ತೆಯ ಕಡೆಯಿಂದ ಲಾಡ್ಜಿನವರು ಬಂದರು. ಬೇಸಿಗೆಯ ನಡು ಮಧ್ಯಾಹ್ನ ಕರಿ ಕೋಟು, ಬಿಳಿ ಕೈಗವಸು ಹಾಕಿಕೊಂಡು, ಕೆಲವರು ಉಳುಮೆಯ ಹೆಂಟೆಗಳ ಮೇಲೆ ಎಡವುತ್ತ, ಸಾಲಾಗಿ ಬಂದರು. ಮುಂದೆ ಡಾಕ್ಟರು, ಹಿಂದೆ ಗಫೂರ್ ಚಾಚಾ. ಪ್ರತಿಯೊಬ್ಬರ ಕೈಯಲ್ಲಿಯೂ ಒಂದು ಜಾಲಿ ಟೊಂಗೆ, ಮುಳ್ಳು ಸಹಿತ. ನಮ್ಮ ಕಡೆ ಪಾಳುಬಿದ್ದ ಜಾಗದಲ್ಲಿ ಏಳುವುದು ಜಾಲಿ. ಜಗಳದಲ್ಲಿ ಸಿಟ್ಟು ತಲೆಗೇರಿದರೆ ಹೆಂಗಸರು ಆಡುವ ಕಡೆಯ ಮಾತು, ನಿನ್ನ ಮನೆಯಲ್ಲಿ ಜಾಲಿ ಬೆಳೆಯಲಿ ಎಂಬುದು. ಹೊಲದಲ್ಲಿ ಗುಜುಗುಜು ಎದ್ದಿತು. ದೊಡ್ಡಪ್ಪ ಬದುವಿನ ತನಕ ಓಡಿ ಹೋಗಿ ಎರಡೂ ಕೈ ಅಡ್ಡ ಹಿಡಿದ.

"ಏ, ನಿಲ್ರಿ ಅಲ್ಲೇ! ನಮ್ಮ ತಮ್ಮನ ಕುಣ್ಯಾಗ ಜಾಲಿ ಒಗ್ಯಾಕ ಬಂದೀರೇನು?"

"ಇದು ನಮ್ಮ ರಿವಾಜ್ ರಿ" ಎಂದರು ಡಾಕ್ಟರು. "ಒಂದೊಂದ ಎಸಳ ಹಾಕಿ, ಕೈ ಮುಗದು ಹೋಕ್ಕೀವಿ. ಅವರ ಏಪ್ರನ್ ಒಂದು ಅವರ ಜೋಡಿ ಇಡಬೇಕಾಗಿತ್ತು."

"ಏನದು?"

"ಚರ್ಮದ್ದು, ಸೊಂಟಕ್ಕ ಕಟಗೊಳ್ಳೂದು."

"ಮುಳ್ಳು ಆತು, ಇನ್ನ ಚರ್ಮಾ? ಲಿಂಗಾ ಕಟ್ಟಿದ ಮೈ ಐತ್ರಿ ಅದು!" ದೊಡ್ಡಪ್ಪನ ದನಿ ಒಡೆಯಿತು. "ಹೊಸದಾಗಿ ಬಂದವನ್ನ ಕಡಿತೀವಿ ಅಂತ ಅವನ ಬಾಯಿಲೆ ಅಂದಿದ್ದ. ಕಡದ್ರಲ್ಲಾ! ಮೂವತ್ತೆಂಟ ವರ್ಷದ ಹುಡುಗನ್ನ ಕಡದ ಹಾಕಿ, ಈಗ ಮುಳ್ಳ ಹಚ್ಚಾಕ ಬಂದೀರಿ!"

ದೊಡ್ಡಪ್ಪ ಕೆಟ್ಟವನಲ್ಲ. ಅಪ್ಪನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ತಮ್ಮನ ಸಾವಿಗೆ ಒಂದು ಕಾರಣ ಬೇಕಾಗಿತ್ತು ಅವನಿಗೆ, ಅದು ಕರಿ ಕೋಟು ಹಾಕಿಕೊಂಡು ಎದುರಿಗೆ ಬಂದಿತ್ತು. ಕಟ್ಟೆಯ ಮೇಲೆ ನಕ್ಕಿದ್ದವರೆಲ್ಲ ಅಲ್ಲಿದ್ದರು. ಅದು ಹಾಸ್ಯವಾಗಿತ್ತು ಎಂದು ಒಬ್ಬರೂ ಅನ್ನಲಿಲ್ಲ. ದೊಡ್ಡವ್ವ ಬಾಯಿಗೆ ಸೆರಗು ಹಿಡಿದಿದ್ದಳು. ಗಫೂರ್ ಚಾಚಾ ಅವ್ವನ ಕಡೆ ನೋಡಿದ. ಅವಳು ಒಂದು ಮಾತು ಆಡಿದ್ದರೆ ಸಾಕಾಗಿತ್ತು. ಅವ್ವ ಅವನನ್ನು ನೋಡಿದಳು, ಆಮೇಲೆ ನೆಲ ನೋಡಿದಳು. ಗಂಟನ್ನು ಸೆರಗಿನೊಳಗೆ ಇನ್ನಷ್ಟು ಒತ್ತಿಕೊಂಡಳು.

ಅವರು ವಾದ ಮಾಡಲಿಲ್ಲ. ಟೊಂಗೆಗಳನ್ನು ಬದುವಿನ ಮೇಲೆ ಒಂದರ ಪಕ್ಕ ಒಂದು ಇಟ್ಟು, ಅಲ್ಲಿಂದಲೇ ತಲೆ ಬಾಗಿಸಿ, ಬಂದ ದಾರಿಯಲ್ಲೇ ಹೋದರು. ಬೇವಿನ ಮರದ ಬುಡದಲ್ಲಿ ಮೂರು ಕೊಡ ನೀರಿತ್ತು. ವೈರಿ ಬಂದರೂ ಮೊದಲು ನೀರಿನ ತಂಬಿಗೆ ಮುಂದಿಡುವ ಊರು ನಮ್ಮದು. ಅಷ್ಟು ಬಿಸಿಲಲ್ಲಿ ಬಂದವರಿಗೆ ಅಂದು ಯಾರೂ ನೀರು ಬೇಕೇ ಎಂದು ಕೇಳಲಿಲ್ಲ. ಮಣ್ಣು ಎಳೆದು ಎಲ್ಲರೂ ಕೈಕಾಲು ತೊಳೆಯುವ ಹೊತ್ತಿಗೆ ಯಾರದೋ ಆಡುಗಳು ಬದುವಿನ ಮೇಲೆ ಬಂದವು. ಆಡುಗಳಿಗೆ ಜಾಲಿ ಸೊಪ್ಪೆಂದರೆ ಪ್ರಾಣ. ಮುಳ್ಳು ಬಿಟ್ಟು ಎಲೆಗಳನ್ನಷ್ಟೇ ಜಾಣತನದಿಂದ ತಿಂದವು. ಓಡಿಸಲು ಯಾರೂ ಹೋಗಲಿಲ್ಲ.

ಮುಂದಿನ ತಿಂಗಳು ಸಭೆಯ ಮರುದಿನ ಗಫೂರ್ ಚಾಚಾ ಮನೆಗೆ ಬಂದ. ಅಪ್ಪ ಮರೆತು ಬಂದಿದ್ದ ಡಬ್ಬಿ ಕೈಯಲ್ಲಿತ್ತು. ಖಾಲಿ ಡಬ್ಬಿ ತಿರುಗಿ ಕೊಡಬಾರದೆಂದು ಅವನ ಹೆಂಡತಿ ಅದರ ತುಂಬ ಮಣೂಕ, ಅಂದರೆ ಒಣದ್ರಾಕ್ಷಿ, ತುಂಬಿ ಕಳಿಸಿದ್ದಳು. ದೊಡ್ಡಪ್ಪ ಆಗ ನಮ್ಮ ಮನೆಯಲ್ಲೇ ಇದ್ದ, ಒಳಗೆ ಮಲಗಿದ್ದ. ಅವ್ವ ಬಾಗಿಲನ್ನು ಅರ್ಧ ತೆರೆದು, ಕೈ ಹೊರಗೆ ಚಾಚಿ ಡಬ್ಬಿ ತೆಗೆದುಕೊಂಡಳು. ಒಳಗೆ ಬರ್ರಿ ಎನ್ನಲಿಲ್ಲ. "ನಿನ್ನೆ ಊಟದಾಗ ಎಲ್ಲಾರೂ ಎದ್ದ ನಿಂತು ಅವನ ಹೆಸರು ತಗೊಂಡ್ವಿ ತಂಗಿ. ಇಷ್ಟ ಹೇಳಬೇಕಾಗಿತ್ತು" ಎಂದ ಚಾಚಾ. ತಾನೇ ಬಾಗಿಲು ಎಳೆದುಕೊಂಡು ಹೋದ. ಆ ಮಣೂಕವನ್ನು ಅವ್ವ ತಿನ್ನಲಿಲ್ಲ, ಚೆಲ್ಲಲೂ ಇಲ್ಲ. ಅದು ಡಬ್ಬಿಯಲ್ಲೇ ಕಲ್ಲಾಯಿತು. ನಮ್ಮ ಮನೆಯಲ್ಲಿ ಮತ್ತೆ ಶೇಂಗಾ ಹೋಳಿಗೆ ಮಾಡಿದ್ದು ನನಗೆ ನೆನಪಿಲ್ಲ.

ಮದುವೆಯಾಗಿ ನಾನು ಬಬಲೇಶ್ವರಕ್ಕೆ ಬಂದೆ. ಮಗನ ಕಣ್ಣು ಡಾಕ್ಟರಿಗೆ ತೋರಿಸಲು ವಿಜಯಪುರಕ್ಕೆ ಹೋದಾಗ ಒಮ್ಮೆ ಧೈರ್ಯ ಮಾಡಿ ಚಾಚಾನ ಮನೆ ಹುಡುಕಿದೆ. ತುಂಬ ಮುದುಕನಾಗಿದ್ದ. ನನ್ನ ಮಗನಿಗೆ ಬಿಸ್ಕೀಟು, ನನಗೆ ಚಹಾ ಕೊಡಿಸಿದ. ಜಾಲಿಯೇ ಯಾಕೆ ಎಂದು ಆಗ ಕೇಳಿದೆ. "ಭೂತನಾಳ ಕೆರಿ ದಂಡಿಗೆ ಹೋಗಿ ನಾನ ಕಡದ ತಂದಿದ್ದೆ ಬೇಟಿ" ಎಂದ. "ಬ್ಯಾಸಗ್ಯಾಗ ಕೆರಿ ಒಣಗತೈತಿ, ದಂಡಿ ಮ್ಯಾಲಿನ ಜಾಲಿ ಮಾತ್ರ ಹಸರ ಇರತೈತಿ. ಮನಷ್ಯಾ ಹೋದ್ರೂ ಪೂರಾ ಹೋಗಂಗಿಲ್ಲ ಅಂತ ಹೇಳಾಕ ಆ ಎಲಿ. ಅಷ್ಟ ಅದು." ನಾವು ಬೈಗುಳವೆಂದು ತಿಳಿದದ್ದು ಅದು. "ಅವತ್ತ ನಿಮಗ ಯಾರೂ ನೀರೂ ಕೊಡಲಿಲ್ಲ ಚಾಚಾ" ಎಂದೆ. ಅವನು ಕೈ ಅಲ್ಲಾಡಿಸಿದ. "ದಾರ್ಯಾಗ ಕುಡದ ಬಂದಿದ್ವಿ ಬಿಡು." ಸುಳ್ಳು ಹೇಳುತ್ತಿದ್ದ. ನನ್ನ ಕಣ್ಣು ತಪ್ಪಿಸಿ ಮಗನ ತಲೆ ಸವರುತ್ತಿದ್ದ.

ಈಗ ಚಾಚಾ ಇಲ್ಲ. ಬಂಗಲೆಯ ಗೇಟಿಗೆ ಬೀಗ ಬಿದ್ದಿದೆ. ಉಳಿದ ಇಬ್ಬರು ಮೂವರು ಬೇರೆ ಊರಿನ ಲಾಡ್ಜಿಗೆ ಹೋಗುತ್ತಾರಂತೆ. ದೊಡ್ಡಪ್ಪನೂ ಹೋದ. ಈ ವರ್ಷ ಅವ್ವ ಹೋದಳು. ಅವಳ ಸೀರೆಗಳನ್ನು ಹಂಚಲು ಟ್ರಂಕು ತೆರೆದಾಗ ಮೊದಲು ಬಂದದ್ದು ಡಾಂಬರ ಗುಳಿಗೆಯ ವಾಸನೆ. ಎಲ್ಲಕ್ಕಿಂತ ಕೆಳಗೆ, ಅದೇ ಧೋತರದ ತುಂಡಿನಲ್ಲಿ ಏಪ್ರನ್ ಇತ್ತು. ಚರ್ಮ ಬಿರುಕು ಬಿಟ್ಟಿರಲಿಲ್ಲ. ಅಷ್ಟು ವರ್ಷ ಅವ್ವ ಅದಕ್ಕೆ ಎಣ್ಣೆ ಸವರಿ, ಗುಳಿಗೆ ಬದಲಿಸಿ ಇಟ್ಟಿದ್ದಳು. ನನಗೆ ಒಂದು ಮಾತೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ಹೊಲದಲ್ಲಿ ಅವಳು ನೆಲ ನೋಡಿದ್ದನ್ನು ನಾನು ಕಂಡಿದ್ದೇನೆಂದು ಅವಳಿಗೆ ಗೊತ್ತಿತ್ತು.

ಅಪ್ಪನ ಮಗ್ಗುಲಿಗೆ ಮಣ್ಣಲ್ಲಿಡಬೇಕೆಂದು ಏಪ್ರನ್ ತೆಗೆದುಕೊಂಡು ಟಿಕೋಟಾಕ್ಕೆ ಹೋದೆ. ದಾರಿಯಲ್ಲಿ ಇಳಿದು ಒಂದು ಜಾಲಿ ಎಸಳನ್ನೂ ಮುರಿದುಕೊಂಡಿದ್ದೆ. ದೊಡ್ಡಪ್ಪನ ಮಗ ಹೊಲದ ತನಕ ಬಂದ. ಸಮಾಧಿಯ ಸುತ್ತ ಕಸ ತೆಗೆಸಿ ಬಲು ಚೊಕ್ಕಟವಾಗಿ ಇಟ್ಟಿದ್ದ. "ಹ್ವಾದ ವರ್ಷ ಸಮಾಧಿ ಕಟ್ಟೀಗೆ ಸಿಮೆಂಟ್ ಹಾಕಿಸೀನಿ ನೋಡಕ್ಕಾ. ಇನ್ನ ಏನೂ ಆಗಂಗಿಲ್ಲ, ಗಟ್ಟಿ ಐತಿ" ಎಂದು ಅಂಗೈಯಿಂದ ಬಡಿದು ತೋರಿಸಿದ. ಚೀಲದಲ್ಲಿ ಏನಿದೆ ಎಂದು ಅವನು ಕೇಳಿದ. ನಾನು ಹೇಳಬೇಕಾಗಿತ್ತು. "ಏನಿಲ್ಲೋ, ಅವ್ವನ ಒಂದ ಅರವಿ" ಎಂದೆ. ಹೇಳುವಾಗ ನನ್ನ ಕೈ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡಿತ್ತು. ಹೊರಡುವ ಮುನ್ನ, ಅವನು ಮುಂದೆ ನಡೆದಾಗ, ಜಾಲಿ ಎಸಳನ್ನು ಬದುವಿನ ಮೇಲೆ ಇಟ್ಟು ಬಂದೆ. ಅವರು ಇಟ್ಟಿದ್ದ ಜಾಗದಲ್ಲೇ. ಅದನ್ನೂ ಆಡುಗಳು ತಿಂದಿರಬೇಕು.

ಏಪ್ರನ್ ಈಗ ಬಬಲೇಶ್ವರದ ನನ್ನ ಮನೆಯಲ್ಲಿದೆ. ಅಪ್ಪನ ಹತ್ತಿರ ಅದು ಇಲ್ಲ.