ಹೊಳೆಯದ ಚಿತ್ರ

ಮಗಳು ಸವಿತಳಿಗೆ ಹೆಣ್ಣುಮಗು ಹುಟ್ಟಿದೆ. ಕೈಲಾಂಚದ ನಮ್ಮ ಬೀದಿಯಲ್ಲಿ ಕಂಡವರಿಗೆಲ್ಲ ಸಕ್ಕರೆ ಹಂಚಿ ಡಬ್ಬ ಖಾಲಿ ಮಾಡಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಬರೆಯಲು ಕೂತಿರುವುದೂ ಈ ಸಂತೋಷ ತಡೆಯಲಾರದೆಯೇ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಎಂಆರ್‌ಐ ಕೋಣೆಯಲ್ಲಿ ಆಯಾ ಆಗಿದ್ದೆ. ರಾಮನಗರದವರೆಗೆ ಬಸ್ಸು, ಅಲ್ಲಿಂದ ರೈಲು. ಎಂಆರ್‌ಐ ಎಂದರೆ ದೊಡ್ಡ ಅಯಸ್ಕಾಂತ. ಮೈಮೇಲೆ ಲೋಹ ಇರಕೂಡದು. ತಾಳಿ ಬಿಚ್ಚಿ ಎಂದರೆ ಹೆಂಗಸರ ಮುಖ ಬಾಡುತ್ತದೆ. ಅದಕ್ಕೇ ಅರಿಶಿನದ ಕೊಂಬು ಕಟ್ಟಿದ ದಾರಗಳನ್ನು ಮನೆಯಿಂದ ತಂದಿಟ್ಟಿರುತ್ತಿದ್ದೆ. ಮೊದಲು ಅದನ್ನು ಕಟ್ಟಿ, ಆಮೇಲೆ ತಾಳಿ ಬಿಚ್ಚಿಸುತ್ತಿದ್ದೆ.

ನಾನು ನಿವೃತ್ತಳಾಗುವ ಹಿಂದಿನ ವರ್ಷ ಆ ದಾರವನ್ನು ಸವಿತಳ ಕೊರಳಿಗೇ ಕಟ್ಟಬೇಕಾಯಿತು.

ಅವಳ ತಲೆಯ ಎಡಗಡೆ ಗಡ್ಡೆಯಾಗಿ, ಆಪರೇಷನ್ನೂ ರೇಡಿಯೇಷನ್ನೂ ಮುಗಿದಿದ್ದವು. ಮತ್ತೆ ಸ್ಕ್ಯಾನ್ ಮಾಡಿದಾಗ ಅದೇ ಜಾಗದಲ್ಲಿ ಬಿಳಿ ಮಚ್ಚೆ. ಗಡ್ಡೆ ಮರಳಿ ಬೆಳೆದರೂ ಹಾಗೇ ಕಾಣುತ್ತದೆ, ರೇಡಿಯೇಷನ್ನಿನ ಗಾಯವಾದರೂ ಹಾಗೇ. ಗಡ್ಡೆಯಾದರೆ ಮತ್ತೆ ತಲೆ ತೆರೆಯಬೇಕು. ಪಕ್ಕದಲ್ಲೇ ಮಾತಿನ ಜಾಗ, ಮಾತು ಹೋದರೂ ಹೋಗಬಹುದು ಎಂದಿದ್ದರು ಡಾಕ್ಟರು.

"ಅವ್ವ, ನೀನೇ ಬಿಚ್ತೀಯಾ?" ಎಂದಳು ಸವಿತ.

"ನಾನಲ್ದೆ ಇನ್ಯಾರವ್ವ?" ಎಂದೆ. ತಾಳಿ ಸರದ ಕೊಕ್ಕೆ ಬೇಗ ಕೈಗೆ ಸಿಗಲಿಲ್ಲ.

ಆ ದಿನ ಎಪಿಟಿ ಎಂಬ ಹೊಸ ಬಗೆಯ ಚಿತ್ರ ತೆಗೆಯಬೇಕಿತ್ತು. ಟೆಕ್ನಿಷಿಯನ್ ಸಾರ್ ನನಗೆ ತಿಳಿಯುವಂತೆ ಹೇಳಿದರು. ಪ್ರೋಟೀನಿನಲ್ಲಿರುವ ಪ್ರೋಟಾನುಗಳು ಸುತ್ತಲಿನ ನೀರಿನ ಪ್ರೋಟಾನುಗಳ ಜೊತೆ ಸದಾ ಜಾಗ ಬದಲಾಯಿಸುತ್ತಿರುತ್ತವೆ. ಪ್ರೋಟೀನಿನವುಗಳ ಸದ್ದು, ಅಂದರೆ ಯಂತ್ರಕ್ಕೆ ಸಿಗುವ ಸಂಕೇತ, ಅಡಗಿಸಿ ಬಿಟ್ಟರೆ, ಅವು ಹೋಗಿ ಸೇರಿದ ನೀರಿನ ಸದ್ದೂ ತಗ್ಗುತ್ತದೆ. ಎಷ್ಟು ತಗ್ಗಿತು ಎಂಬುದರ ಮೇಲೆ ಅಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಂದಾಜು. ಬೆಳೆಯುವ ಗಡ್ಡೆಯಲ್ಲಿ ಅದು ಜಾಸ್ತಿ. ಚಿತ್ರದಲ್ಲಿ ಕೆಂಪಗೆ ಹೊಳೆಯುತ್ತದೆ.

"ಅನ್ನ ಕಾಣ್ದಿದ್ರೂ ಗಂಜಿ ನೋಡಿ ಬೆಂದೈತೆ ಅನ್ನಂಗೆ ಅನ್ನಿ ಸಾರ್."

"ಹೆಚ್ಚುಕಮ್ಮಿ ಹಂಗೇ ಕಣಮ್ಮ. ಆದ್ರೆ ತಲೆ ಒಸಿ ಅಲ್ಲಾಡಿದ್ರೂ ಗಂಜಿ ಚೆಲ್ಲೋಯ್ತು ಅಂತ್ಲೇ."

ಮೈಕಿನಲ್ಲಿ ಅವರು, "ಅಲ್ಲಾಡಬಾರದಮ್ಮ, ಗೊತ್ತಾಯ್ತಾ?" ಎಂದರು. ಸವಿತ ಒಳಗಿನಿಂದ ಹೂಂ ಎಂದು ತಲೆ ಆಡಿಸಿದಳು. ನಡುನಡುವೆ ಕೇಳಿದಾಗಲೂ ಅಷ್ಟೇ. ಚಿತ್ರ ಕೆಟ್ಟಿತು. ಕೊನೆಗೆ ನಾನೇ ಒಳಗೆ ಹೋಗಿ ಅವಳ ಪಾದ ಹಿಡಿದು ನಿಂತೆ.

"ಯಾರು ಏನ್ ಕೇಳಿದ್ರೂ ಹೂಂ ಅನ್ಬೇಡ. ಬದುಕಿದ್ದೀನಿ ಅಂತ ಕಾಲ್ಬೆರಳು ಆಡ್ಸು, ಸಾಕು."

ಯಂತ್ರ ತಮಟೆಯಂತೆ ಬಡಿಯಿತು. ಬೆರಳು ಆಡುವುದು ತಡವಾದಾಗಲೆಲ್ಲ ನನ್ನ ಜೀವ ಹೋಗಿ ಬಂತು.

ಮಧ್ಯಾಹ್ನ ಡಾಕ್ಟರಮ್ಮ ಕರೆದರು. "ಹೊಳೆದಿಲ್ಲ. ಇದೊಂದನ್ನೇ ನಂಬಿ ಹೇಳೋಕಾಗಲ್ಲ. ಮಿಕ್ಕ ಚಿತ್ರ ಸೇರಿಸಿ ನೋಡಿದ್ರೆ ರೇಡಿಯೇಷನ್ ಗಾಯ ಅನ್ಸುತ್ತೆ. ಈಗ ತಲೆ ತೆರೆಯೋದು ಬೇಡ, ಕಾದು ನೋಡೋಣ."

ಕುಣಿಯುವ ಹಾಗಾಗಿ ಹೊರಗೆ ಬಂದೆ. ಬೆಂಚಿನ ಮೇಲೆ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರೊಬ್ಬರ ಹೆಂಡತಿ ಕೂತಿದ್ದರು. ಅದೇ ಬೆಳಿಗ್ಗೆ ಅದೇ ಯಂತ್ರದಲ್ಲಿ ಅವರ ಗಂಡನ ಚಿತ್ರ ಕೆಂಪಗೆ ಹೊಳೆದಿತ್ತು. ನಾನು ಮುಖ ಬಿಗಿಹಿಡಿದೆ.

"ಮಗಳದು ಏನಂದ್ರಕ್ಕ?"

"ಸದ್ಯಕ್ಕೆ ಕುಯ್ಯೋದ್ ಬ್ಯಾಡ ಅಂದ್ರು."

ಅವರು ನನ್ನ ಕೈ ಹಿಡಿದರು. "ಅಲ್ಲಾ ಒಳ್ಳೇದ್ ಮಾಡ್ದ. ನಗಕ್ಕ. ನಮ್ಮನೇಲಿ ಆಗ್ಲಿಲ್ಲ ಅಂತ ನಿಮ್ಮನೇದೂ ಕೆಡಬೇಕಾ?"

ನಗಲು ಹೋಗಿ ಅತ್ತುಬಿಟ್ಟೆ. ಅವರೂ ಅತ್ತರು. ಅವರ ಗಂಡ ಆ ಮಳೆಗಾಲ ದಾಟಲಿಲ್ಲ.

ಯಂತ್ರ ಕೊಡುವ ಉತ್ತರ ನಮ್ಮ ಕೈಯಲ್ಲಿಲ್ಲ. ಅದನ್ನು ಕೇಳಿಸಿಕೊಳ್ಳುವವರ ಪಕ್ಕದಲ್ಲಿ ಕೂರುವುದಷ್ಟೇ ನಮ್ಮದು. ಕೆಲಸಕ್ಕಿದ್ದ ಅಷ್ಟೂ ವರ್ಷ ಅದನ್ನು ನನ್ನ ಕಸುಬು ಅಂದುಕೊಂಡಿದ್ದೆ. ಆ ದಿನ ಅದನ್ನು ನನಗಿಂತ ಚೆನ್ನಾಗಿ ಮಾಡಿದವರು ಆ ಬೊಂಬೆಯವರ ಹೆಂಡತಿ.