ಶಾರದಕ್ಕನ ಹಿತ್ತಿಲಿನ ಗಡಿಕಲ್ಲು

ಇಂಗ್ಲೆಂಡಿನಲ್ಲಿ ನಾನಿದ್ದ ಡಿಡ್ಸ್‌ಬರಿಯಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ಮೇ ತಿಂಗಳಾದರೂ ಸ್ವೆಟರ್ ಬಿಡುವಂತಿರಲಿಲ್ಲ. ಮ್ಯಾಂಚೆಸ್ಟರಿನಿಂದ ಒಂದು ರೈಲು, ಸ್ಟೋಕ್‌ನಲ್ಲಿ ಇನ್ನೊಂದು, ಡರ್ಬಿಯಲ್ಲಿಳಿದು ಮತ್ತೆ ಅರ್ಧ ಗಂಟೆ ಬಸ್ಸು. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ನನ್ನ ದೊಡ್ಡಪ್ಪನ ಮಗಳು ಶಾರದಕ್ಕ ಹಿಂದಿನ ದಿನ ಫೋನ್ ಮಾಡಿ, "ನೀನು ಬಂದು ಪಕ್ಕದಲ್ಲಿ ನಿಂತ್ಕೊಂಡ್ರೆ ಸಾಕು ಕಣೇ, ಮಾತು ನಾನೇ ಆಡ್ತೀನಿ" ಎಂದಿದ್ದಳು. ಯಾರಿಗೂ ಹೆದರದವಳು ಹಾಗೆಂದ ಮೇಲೆ ಹೋಗದಿರುವುದು ಹೇಗೆ?

ಭಾವ ಡರ್ಬಿಯ ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್. ಬಾಡಿಗೆ ಮನೆಗಳನ್ನು ಬದಲಿಸಿ ಬದಲಿಸಿ ಸಾಕಾಗಿ, ಡರ್ಬಿಯಾಚೆಯ ಒಂದು ಹಳ್ಳಿಯ ಅಂಚಿನಲ್ಲಿ ಮನೆ ಕೊಂಡಿದ್ದರು. ಹಳ್ಳಿಯೆಂದರೆ ಚರ್ಚು, ಪಬ್ಬು, ಅಂಚೆ ಕಚೇರಿ ಇರುವ ಒಂದೇ ಬೀದಿ. ಸುತ್ತಲಿನ ಹೊಲಗಳಲ್ಲಿ ವರ್ಷ ವರ್ಷವೂ ಏಳುತ್ತಿದ್ದ ಒಂದೇ ಅಚ್ಚಿನ ಇಟ್ಟಿಗೆ ಮನೆಗಳು. ಹಳಬರು ಈ ಮನೆಗಳವರನ್ನು 'ಎಸ್ಟೇಟಿನವರು', ಅಂದರೆ ಬಡಾವಣೆಯವರು, ಎನ್ನುತ್ತಿದ್ದರು. ಆ ಮಾತು ಅಕ್ಕನಿಗೆ ಚುಚ್ಚುತ್ತಿತ್ತು. ಊರಿನವಳು ಅನ್ನಿಸಿಕೊಳ್ಳುವ ಆಸೆಗೆ ಚರ್ಚಿನ ಸಭಾಂಗಣದ ಚಹಾಕೂಟಕ್ಕೂ ಊರಿನ ಚರಿತ್ರೆ ಸಂಘದ ಸಭೆಗೂ ತಪ್ಪದೆ ಹೋಗುತ್ತಿದ್ದಳು.

ಅಲ್ಲಿ ತಿಳಿಯಿತಂತೆ: ವರ್ಷಕ್ಕೊಮ್ಮೆ ಊರವರು ಕೋಲು ಹಿಡಿದು ಎಲ್ಲೆಯ ಸುತ್ತ ನಡೆದು ಒಂದೊಂದು ಗಡಿಕಲ್ಲನ್ನೂ ತಟ್ಟುತ್ತಾರೆ, ಬಡಾವಣೆ ಎದ್ದಾಗ ಒಂದು ಕಲ್ಲು ಕಾಣೆಯಾಗಿದೆ. ಅದು ಅಕ್ಕನ ಹಿತ್ತಿಲಲ್ಲಿತ್ತು! ಮೆಂತ್ಯ ಬಿತ್ತಲು ಅಗೆದಾಗ ಸಿಕ್ಕಿತ್ತು. ಏನೆಂದು ತಿಳಿಯದೆ ಗಂಡ ಹೆಂಡತಿ ಅದನ್ನು ಎಳೆದು ತಂದು, ತೊಳೆದು, ಸೇಬಿನ ಗಿಡದ ಕೆಳಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ ಅರಿಸಿನ ಕುಂಕುಮ ಹಚ್ಚಿದ್ದರು. ಕಲ್ಲು ಸಿಕ್ಕಿದ್ದನ್ನು ಸಂಘಕ್ಕೆ ಹೇಳಿದ್ದಳು. ಜರುಗಿಸಿದ್ದನ್ನು ಹೇಳಿರಲಿಲ್ಲ. ಆ ವರ್ಷದ ನಡಿಗೆ ಅವತ್ತೇ, ಮಧ್ಯಾಹ್ನ ಕಲ್ಲು ತಟ್ಟಲು ಬರುವವರಿದ್ದರು.

"ಗಡಿಕಲ್ಲು ಕಿತ್ತೋಳು ಅಂತ ಹೆಸರು ಬಂದ್ರೆ ಹೇಗೇ ಈ ಊರಲ್ಲಿ ತಲೆ ಎತ್ಕೊಂಡು ಓಡಾಡೋದು?" ಎನ್ನುತ್ತ ಚಿತ್ರಾನ್ನ ಬಡಿಸಿದಳು.

"ಪೂರ್ವಕ್ಕೆ ತಿರುಗಿಸಿ ಅಂದೋರು ಯಾರು, ಕೇಳು" ಎಂದರು ಭಾವ.

"ನೀವು ಸುಮ್ನಿರಿ. ಎಳೆದೋರು ಯಾರು?"

ಊಟ ಮುಗಿಯುವಷ್ಟರಲ್ಲಿ ಕೆಸರು ಮೆತ್ತಿದ ಬೂಟುಗಳ ಗುಂಪು ಬಂತು. ಮುಂದೆ ವಾಲ್ಟರ್ ಎಂಬ ಮುದುಕರು. ಕಲ್ಲನ್ನು ನೋಡಿದರು, ಬೇಲಿಯನ್ನು ನೋಡಿದರು. "ಇದು ಇಲ್ಲಿರಲಿಲ್ಲ, ಮೈ ಡಕ್." ಆ ಸೀಮೆಯಲ್ಲಿ ಅಕ್ಕರೆಗೆ ಎಲ್ಲರೂ ಬಾತುಕೋಳಿಗಳೇ.

"ನಾವೇ ಸರಿಸಿದ್ವಿ" ಎಂದಳು ಅಕ್ಕ. "ಎಲ್ಲಿತ್ತು ಅಂತ ಈಗ ಸರಿಯಾಗಿ ತೋರಿಸೋಕಾಗಲ್ಲ."

ಹಿಂದಿನಿಂದ ಯಾರೋ, "ಎಸ್ಟೇಟಿನವರು" ಎಂದು ಗೊಣಗಿದರು. ಜಿನುಗು ಮಳೆ ಶುರುವಾಯಿತು. ವಾಲ್ಟರ್ ಬಗ್ಗಿ ಕುಂಕುಮ ಮುಟ್ಟಿ ಇದೇನೆಂದು ಕೇಳಿದರು.

"ನಮ್ಮ ಕಡೆ ಊರು ಕಟ್ಟುವಾಗ ಮೊದಲು ಒಂದು ಕಲ್ಲು ನೆಡ್ತಾರೆ. ಊರು ಅಲ್ಲಿಂದ ಶುರು. ಅದಕ್ಕೆ ಹೀಗೆ ಹಚ್ತೀವಿ."

"ನಮ್ಮದು ಊರು ಮುಗಿಯೋ ಕಲ್ಲು." ಬೇಲಿಯಾಚೆಯ ಹೊಸ ಛಾವಣಿಗಳನ್ನು ಅವರು ಸ್ವಲ್ಪ ಹೊತ್ತು ನೋಡಿದರು. "ಇಲ್ಲೆಲ್ಲ ಗೋಧಿ ಇತ್ತು. ಎಲ್ಲೆ ಮರೀಬಾರದು ಅಂತ ನಮ್ಮಪ್ಪ ನನ್ನನ್ನೆತ್ತಿ ಇದರ ಮೇಲೆ ಕುಕ್ಕಿದ್ದ. ಕುಂಡಿ ಇವತ್ತಿಗೂ ಮರೆತಿಲ್ಲ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. "ಹಾಗಾದ್ರೆ ನನ್ನನ್ನೂ ಕುಕ್ಕಿ" ಎಂದಳು.

ವಾಲ್ಟರ್ ಅವಳ ಮುಖವನ್ನೇ ನೋಡಿ, ಹಿಂದಿದ್ದ ಇಬ್ಬರು ಹೆಂಗಸರಿಗೆ ತಲೆಯಾಡಿಸಿದರು. ಅವರು ತೋಳು ಹಿಡಿದೆತ್ತಿ ಅವಳನ್ನು ಕಲ್ಲಿನ ಮೇಲೆ ಕುಕ್ಕಿದರು.

"ನಿಧಾನ, ಕಲ್ಲು ಒಡೆದೀತು!" ಎಂದರು ಭಾವ.

ವಾಲ್ಟರ್ ಕಲ್ಲಿಗೆ ಕೋಲು ತಟ್ಟಿ, "ಇನ್ನೂ ಅರ್ಧ ಎಲ್ಲೆ ಇದೆ, ಬರೋರು ಬನ್ನಿ" ಎಂದು ಗುಂಪನ್ನು ಹೊರಡಿಸಿದರು. ಅಷ್ಟು ದೂರದಿಂದ ಬಂದ ನನ್ನನ್ನು ಬಿಟ್ಟು ಅವರ ಜೊತೆ ಹೋಗುವುದು ಹೇಗೆಂದು ಅಕ್ಕ ನನ್ನ ಜೊತೆ ಬಸ್ ನಿಲ್ದಾಣಕ್ಕೆ ಬಂದಳು. ಮಾತು ನನ್ನೊಡನೆ, ಕಣ್ಣು ಹೊಲದ ಕಡೆ. ಬಸ್ಸು ಬಂತು.

ಹಿಂದಿನ ಸೀಟಿನ ಗಾಜಿನಿಂದ ನೋಡಿದರೆ, ಸೀರೆಯ ನೆರಿಗೆ ಎತ್ತಿ ಹಿಡಿದು, ಕೊಡೆಯೂ ಇಲ್ಲದೆ, ಅವಳು ಹೊಲದ ಕಾಲುದಾರಿಯಲ್ಲಿ ಆ ಗುಂಪಿನ ಹಿಂದೆ ಓಡುತ್ತಿದ್ದಳು. ಡಿಡ್ಸ್‌ಬರಿ ಎಲ್ಲಿ ಮುಗಿಯುತ್ತದೆಂದು ಇಷ್ಟು ವರ್ಷ ಅಲ್ಲಿದ್ದೂ ನಾನು ಯಾರನ್ನೂ ಕೇಳಿರಲಿಲ್ಲ. ಇಳಿದುಬಿಡೋಣವೆಂದು ಬಸ್ಸು ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತುವಷ್ಟರಲ್ಲಿ ಮುಂದಿನ ನಿಲ್ದಾಣ ದಾಟಿತ್ತು.