ಗುರುತು ತಪ್ಪಿದ ಪ್ರೊಸೆಸರ್

ಎರಡು ಸಾವಿರದ ಇಸವಿ ಕಳೆದು ಆರೇಳು ವರ್ಷವಾಗಿತ್ತು. ಜಯನಗರದ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ ಅಳೆಯುವುದು. ನಮ್ಮ ಪ್ರೋಗ್ರಾಂ ಎಲ್ಲಿ ನಿಧಾನವಾಗುತ್ತಿದೆ, ಯಾರು ಬರೆದ ಭಾಗ ಹೆಚ್ಚು ಸಮಯ ನುಂಗುತ್ತಿದೆ ಎಂದು ಪತ್ತೆ ಹಚ್ಚಬೇಕು. ಅದಕ್ಕೆಂದೇ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ಪ್ರೊಫೈಲಿಂಗ್ ಡ್ರೈವರ್ ಎಂಬ ಒಂದು ಅಳತೆಯ ಪ್ರೋಗ್ರಾಂ ಇತ್ತು. ಏನೇನು ಎಷ್ಟು ಸಲ ಆಯಿತೆಂದು ಎಣಿಸುವ, ಪ್ರೊಸೆಸರ್ ಒಳಗಿನ ಕೌಂಟರ್‌ಗಳನ್ನು ಓದಿ ಅದು ವಿವರ ಕೊಡುತ್ತಿತ್ತು. ನಾನು ಅದನ್ನು ಎಂದೂ ಅನುಮಾನಿಸಿದವಳಲ್ಲ.

ಹೊಸ ಮಷೀನುಗಳು ಬಂದ ಮೇಲೆ ನಾನು ಕೊಟ್ಟ ಮೊದಲ ವರದಿಯಲ್ಲಿ, ತಪ್ಪೆಲ್ಲ ನನ್ನ ಪಕ್ಕದ ಸೀಟಿನವರ ಕೋಡಿನಲ್ಲೇ ಇದೆಯೆಂದು ಬಂತು. ಅವರು ಹುಬ್ಬಳ್ಳಿ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದರು. ತಾವು ಬೇರೆ ರೀತಿಯಲ್ಲಿ ಅಳೆದಾಗ ಹಾಗೆ ಬರಲಿಲ್ಲವೆಂದು ಅವರು ಮೀಟಿಂಗಿನಲ್ಲಿ ಮೆಲ್ಲಗೆ ಹೇಳಿದರು. ಎಲ್ಲರೂ ನನ್ನ ಕಡೆ ನೋಡಿದರು.

"ನಾನ್ ಮೂರು ಸಲ ಅಳೆದಿದೀನಿ. ಮೂರು ಸಲಾನೂ ಅದೇ ಬಂದಿದೆ" ಎಂದೆ.

ಮ್ಯಾನೇಜರ್ ಅವರ ಕೋಡನ್ನು ಬೇರೊಬ್ಬರಿಗೆ ಕೊಟ್ಟು, ಹುಬ್ಬಳ್ಳಿಯವರನ್ನು ಟೆಸ್ಟಿಂಗ್ ಕೆಲಸಕ್ಕೆ ಹಾಕಿದರು. ಎರಡು ತಿಂಗಳಿಗೆ ಅವರು ರಾಜೀನಾಮೆ ಕೊಟ್ಟು ಹೋದರು.

ಅನುಮಾನ ಹುಟ್ಟಿದ್ದು ಆಮೇಲೆ. ಬರೀ ಕೂಡುವ ಲೆಕ್ಕವನ್ನೇ ಮಾಡುತ್ತಿದ್ದ ಒಂದು ಪುಟ್ಟ ಪ್ರೋಗ್ರಾಂ ಮೆಮೊರಿಗಾಗಿ ಕಾಯುತ್ತ ಕೂತಿದೆಯೆಂದು ಡ್ರೈವರ್ ಹೇಳಿತು. ಅದಕ್ಕೆ ಮೆಮೊರಿಯ ಗೊಡವೆಯೇ ಇರಲಿಲ್ಲ. ಡ್ರೈವರಿನ ಕೋಡು ತೆರೆದು ಓದಿದೆ. ಪ್ರತಿ ಪ್ರೊಸೆಸರೂ ತನ್ನ ಮಾಡೆಲ್ ನಂಬರನ್ನು ಹೇಳುತ್ತದೆ. ಆ ನಂಬರು ಒಂದು ಮಿತಿಗಿಂತ ದೊಡ್ಡದಿದ್ದರೆ, ಎಷ್ಟೇ ಇರಲಿ, ಅದನ್ನು ಹಳೆಯ ಜಾತಿಯ ಪ್ರೊಸೆಸರ್ ಎಂದೇ ಡ್ರೈವರ್ ತಿಳಿಯುತ್ತಿತ್ತು. ನಮ್ಮ ಹೊಸ ಮಷೀನುಗಳ ಪ್ರೊಸೆಸರಿನಲ್ಲಿ ಕೌಂಟರ್‌ಗಳ ಅರ್ಥವೇ ಬದಲಾಗಿತ್ತು. ನಾವು ಒಂದನ್ನು ಎಣಿಸು ಎಂದರೆ ಅದು ಇನ್ನೊಂದನ್ನು ಎಣಿಸಿ ತಂದಿತ್ತು.

ಕೈಪಿಡಿ ಇಟ್ಟುಕೊಂಡು ಒಂದೊಂದು ಮಾಡೆಲನ್ನೂ ಬೇರೆಯಾಗಿ ಗುರುತಿಸುವಂತೆ ತಿದ್ದಿದೆ. ಒಟ್ಟು ಹತ್ತಿಪ್ಪತ್ತು ಸಾಲು. ಮತ್ತೆ ಅಳೆದಾಗ ಆ ಪಕ್ಕದ ಸೀಟಿನವರ ಭಾಗ ಪಟ್ಟಿಯ ಎಲ್ಲೋ ಕೆಳಗಿತ್ತು. ಮೇಲಿದ್ದದ್ದು ಎಲ್ಲರೂ ಬಳಸುತ್ತಿದ್ದ, ಯಾರೂ ನೋಡಿಕೊಳ್ಳದ ಒಂದು ಹಳೆಯ ಕೋಡ್ ಲೈಬ್ರರಿ.

ತಿದ್ದುಪಡಿಯನ್ನು ಕರ್ನಲ್ ನೋಡಿಕೊಳ್ಳುವವರಿಗೆ ಕಳಿಸಿಬಿಡಿ, ಹಳೆಯದನ್ನೆಲ್ಲ ಈಗ ಕೆದಕುವುದು ಬೇಡ ಎಂದರು ಮ್ಯಾನೇಜರ್. ಆದರೂ ಮೊದಲ ವರದಿ ಯಾರ‍್ಯಾರಿಗೆ ಹೋಗಿತ್ತೋ ಅವರಿಗೆಲ್ಲ, ಅದು ತಪ್ಪಾಗಿತ್ತು, ತಪ್ಪು ನನ್ನದು ಎಂದು ಬರೆದೆ. ಒಬ್ಬರಿಂದಲೂ ಉತ್ತರ ಬರಲಿಲ್ಲ.

ಶನಿವಾರ ಬೆಳಿಗ್ಗೆ ಬಿಟಿಎಂನ ಅವರ ಮನೆಗೆ ಹೋದೆ. ಅವರು ಇನ್ನೂ ಮನೆಯಲ್ಲೇ ಇದ್ದರು, ಕೆಲಸ ಸಿಕ್ಕಿರಲಿಲ್ಲ. ಹೆಂಡತಿ ಚಹಾ ತಂದುಕೊಟ್ಟು ಒಳಗೆ ಹೋದರು. ನಾನು ತಿದ್ದಿದ ಕೋಡಿನ ಪ್ರಿಂಟ್ ತೆಗೆದು ತೋರಿಸಿದೆ. ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಗೊತ್ತಿಲ್ಲದ ಮಾಡೆಲ್ ಬಂದರೆ ಇದು ಏನು ಮಾಡುತ್ತದೆ ಎಂದು ಕೇಳಿದರು. ಗೊತ್ತಿಲ್ಲ ಎಂದು ಹೇಳಿ ನಿಂತುಬಿಡುತ್ತದೆ, ಊಹಿಸುವುದಿಲ್ಲ ಎಂದೆ. ಸರಿಯಾಗಿದೆ ಎಂದು ತಲೆಯಾಡಿಸಿದರು.

"ನನ್ನಿಂದ ತಪ್ಪಾಯ್ತು" ಎಂದೆ.

ಅವರು ಕಾಗದ ಮಡಚಿ ನನ್ನ ಕೈಗೇ ಕೊಟ್ಟರು. "ಡ್ರೈವರಿಗೆ ಗೊತ್ತಿರಲಿಲ್ಲ, ಬಿಡ್ರಿ. ನೀವು ಎರಡು ವರ್ಷ ನನ್ನ ಬಾಜೂಕ ಕುಂತಿದ್ರಿ. ಒಂದು ಮಾತು ನನಗ ಕೇಳಬಹುದಿತ್ತು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಚಹಾ ಕುಡಿದು ಎದ್ದು ಬಂದೆ.

ಕೆಲವು ವಾರಗಳ ನಂತರ ತಿದ್ದುಪಡಿ ಕರ್ನಲ್‌ಗೆ ಸೇರಿತು. ಯಾವುದೋ ದೇಶದಿಂದ ಒಬ್ಬರು ಒಂದು ಸಾಲಿನ ಧನ್ಯವಾದ ಬರೆದಿದ್ದರು. ಅದನ್ನು ನಾನು ಆಫೀಸಿನಲ್ಲಿ ಯಾರಿಗೂ ತೋರಿಸಲಿಲ್ಲ.

ಮರುವರ್ಷ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಅವರು ಸಿಕ್ಕರು. ಅವರೇ ಹತ್ತಿರ ಬಂದು ಮಾತಾಡಿಸಿದರು. ಕೆಲಸ ಸಿಕ್ಕಿದೆ, ಮಗಳು ಶಾಲೆಗೆ ಸೇರಿದ್ದಾಳೆ ಎಂದರು. ಎಂಥ ಕೆಲಸ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.